ನೋಡೋಕೆ ಟ್ಯಾಬು, ಬರೆಯೋಕೆ ಗುಮಾಸ್ತ

2021ರ ಫೆಬ್ರವರಿ 1. ದೆಹಲಿಯಲ್ಲಿ ಹಣಕಾಸು ಸಚಿವಾಲಯದ ಎದುರು ಕ್ಯಾಮೆರಾಗಳ ಸಾಲು. ನಿರ್ಮಲಾ ಸೀತಾರಾಮನ್ ಹೊರಗೆ ಬಂದು ನಿಂತರು. ಕೈಯಲ್ಲಿ ಕೆಂಪು ಹೊದಿಕೆ, ಅದರ ಮೇಲೆ ರಾಷ್ಟ್ರಲಾಂಛನ. 2019ರ ಜುಲೈನಲ್ಲಿ ಇದೇ ಸಚಿವೆ ಬ್ರಿಟಿಷರ ಕಾಲದ ಪದ್ಧತಿಯ ಸೂಟ್‌ಕೇಸ್ ಬಿಟ್ಟು, ಕೆಂಪು ಬಟ್ಟೆಯಲ್ಲಿ ಸುತ್ತಿದ ಬಹಿಖಾತಾ ಹಿಡಿದು ಬಂದಿದ್ದರು. ಈ ಸಲ ಬಟ್ಟೆಯೊಳಗೆ ಕಾಗದ ಇರಲಿಲ್ಲ, ಟ್ಯಾಬ್ಲೆಟ್ ಇತ್ತು. ದೇಶದ ಮೊದಲ ಕಾಗದರಹಿತ ಬಜೆಟ್! ರಾಜ್ಯಸಭೆಯಲ್ಲಿ ಅವರು ಕರ್ನಾಟಕದ ಪ್ರತಿನಿಧಿ ಬೇರೆ. ಕೇಳಬೇಕಾ? ಎಲ್ಲ ಚಾನೆಲ್‌ಗಳಲ್ಲೂ ದಿನವಿಡೀ ಅದೇ ಚಿತ್ರ.

ಆದ್ರೆ ಸ್ವಲ್ಪ ಯೋಚನೆ ಮಾಡಿ. ಆ ಟ್ಯಾಬ್ ಅವತ್ತು ಸಂಸತ್ತಿನಲ್ಲಿ ಮಾಡಿದ ಕೆಲಸ ಏನು? ತೋರಿಸೋದು. ಸಚಿವರು ಬೆರಳಲ್ಲಿ ಪುಟ ಸರಿಸಿದರು, ಓದಿದರು. ಆ ಭಾಷಣವನ್ನು ಬರೆದದ್ದು, ಹತ್ತು ಸಲ ತಿದ್ದಿದ್ದು, ಕೋಷ್ಟಕ ಜೋಡಿಸಿದ್ದು ಯಾವ ಯಂತ್ರದಲ್ಲಿ? ಯಾವುದೋ ಕೋಣೆಯಲ್ಲಿ ಕೀಲಿಮಣೆ ಇರೋ ಕಂಪ್ಯೂಟರ್ ಮುಂದೆ ಕೂತವರ ಬೆರಳುಗಳು ಮಾಡಿದ ಕೆಲಸ ಅದು. ಟ್ಯಾಬ್ ಬಂದದ್ದು ಕೊನೆಗೆ, ಮೆರವಣಿಗೆಗೆ ಉತ್ಸವಮೂರ್ತಿ ಬಂದ ಹಾಗೆ.

"ಟ್ಯಾಬ್ ಒಂದಿದ್ರೆ ಆಫೀಸಿನ ಇ-ಮೇಲ್ ನೋಡ್ಕೋಬಹುದಾ? ಲ್ಯಾಪ್‌ಟಾಪ್ ಬೇಡ್ವಾ?" ಅಂತ ಇವತ್ತಿಗೂ ಜನ ಕೇಳ್ತಾರೆ. ಅಂಗಡಿಯವನು ಹೌದು ಅಂತಾನೆ. ಕೊಂಡವನು ಆರು ತಿಂಗಳಾದ ಮೇಲೆ ಅದನ್ನು ಮಗುವಿಗೆ ಕಾರ್ಟೂನ್ ನೋಡೋಕೆ ಕೊಟ್ಟಿರ್ತಾನೆ. ಯಾಕೆ ಹೀಗೆ? ಇದರ ಹಿಂದೆ 50 ವರ್ಷಗಳ ಇತಿಹಾಸ ಇದೆ. ಇ-ಮೇಲ್ ನೋಡೋ ಯಂತ್ರ ಮಾಡೋದು ಸುಲಭವಾಯ್ತು, ಇ-ಮೇಲ್‌ಗೆ ಉತ್ತರ ಬರೆಯೋ ಯಂತ್ರ ಮಾಡೋದು ಕಷ್ಟವಾಯ್ತು. ಟ್ಯಾಬ್ಲೆಟ್‌ನ ಕತೆ ಅಂದ್ರೆ ಬಹುಪಾಲು ಇಷ್ಟೇ.

ಮೊದಲು ನಮ್ಮ ಮನೆಯ ಮಾತು. ಕಡತ ಅಂತೀವಲ್ಲ, ಆಫೀಸಿನ ಫೈಲು. ಆ ಪದ ಎಲ್ಲಿಂದ ಬಂತು ಗೊತ್ತಾ? ಕನ್ನಡ ನಾಡಿನ ವರ್ತಕರು, ಮಠಗಳ ಲೆಕ್ಕದವರು ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಹಲಗೆಯ ಹಾಗೆ ಗಟ್ಟಿ ಮಾಡ್ತಿದ್ರು. ಮಡಿಕೆ ಮಡಿಕೆಯಾಗಿ ಮಡಚಿಡೋದು, ಬಳಪದಲ್ಲಿ ಬರೆಯೋದು, ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯೋದು. ಅದೇ ಕಡತ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ರಾಶಿಯೇ ಇದೆ. ಕಂಕುಳಲ್ಲಿ ಇಟ್ಟುಕೊಂಡು ಸಂತೆಗೆ ಹೋಗಬಹುದು, ಅಲ್ಲೇ ಬಿಡಿಸಿ ಲೆಕ್ಕ ಬರೆಯಬಹುದು. ನೋಡೋದಕ್ಕೂ ಅದೇ, ಬರೆಯೋದಕ್ಕೂ ಅದೇ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಈಗ ಅಮೆರಿಕಕ್ಕೆ ಬನ್ನಿ. 1972. ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ ಅನ್ನೋ ವಿಜ್ಞಾನಿ ಒಂದು ಪ್ರಬಂಧ ಬರೆದ. ಎಲ್ಲ ವಯಸ್ಸಿನ ಮಕ್ಕಳಿಗೂ ಒಂದು ಸ್ವಂತ ಕಂಪ್ಯೂಟರ್ ಇರಬೇಕು, ಅದು ಪುಸ್ತಕದಷ್ಟು ದೊಡ್ಡದಿರಬೇಕು, ಕೈಯಲ್ಲಿ ಹಿಡಿಯೋ ಹಾಗಿರಬೇಕು, ಬೆಲೆ 500 ಡಾಲರ್ ಆಸುಪಾಸಿನಲ್ಲಿರಬೇಕು. ಹೆಸರು ಡೈನಾಬುಕ್. ಕಂಪ್ಯೂಟರ್ ಅಂದ್ರೆ ಒಂದು ಕೋಣೆ ತುಂಬೋ ಕಬ್ಬಿಣದ ಬೀರು ಅಂದುಕೊಂಡಿದ್ದ ಕಾಲ ಅದು. ಇ-ಮೇಲ್ ಹುಟ್ಟಿ ಇನ್ನೂ ಒಂದು ವರ್ಷ ಆಗಿತ್ತು ಅಷ್ಟೇ. 1971ರಲ್ಲಿ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದ್ದ. ಅಲನ್ ಕೇ ರಟ್ಟಿನಲ್ಲಿ ಮಾದರಿ ಮಾಡಿದ. ಅದರಲ್ಲಿ ಪರದೆಯ ಕೆಳಗೇ ಕೀಲಿಮಣೆ ಇತ್ತು. ಅವನ ಕನಸಿನ ಮಗು ಬರೀ ನೋಡೋ ಮಗು ಆಗಿರಲಿಲ್ಲ. ಅದು ಬರೆಯೋ ಮಗು, ಚಿತ್ರ ಬಿಡಿಸೋ ಮಗು, ಪ್ರೋಗ್ರಾಂ ಮಾಡೋ ಮಗು.

ಮುಂದಿನವರು ಮೊದಲು ತೆಗೆದು ಎಸೆದದ್ದೇ ಆ ಕೀಲಿಮಣೆಯನ್ನು.

1989ರಲ್ಲಿ ಗ್ರಿಡ್‌ಪ್ಯಾಡ್ ಬಂತು. ಪರದೆ, ಒಂದು ಕಡ್ಡಿಯಂಥ ಪೆನ್ನು, ಸುಮಾರು 2 ಕಿಲೋ ತೂಕ. ಕೊಂಡವರು ಯಾರು? ಸೇನೆ, ಪೊಲೀಸ್ ಥರದ ಸಂಸ್ಥೆಗಳು. ಫಾರಂ ತುಂಬೋ ಕೆಲಸಕ್ಕೆ ಸರಿಯಾಯ್ತು. 1993ರಲ್ಲಿ ಆಪಲ್ ಕಂಪನಿ ನ್ಯೂಟನ್ ತಂತು. ನೀವು ಕೈಯಲ್ಲಿ ಬರೆಯಿರಿ, ಅದು ಓದಿಕೊಳ್ಳುತ್ತೆ ಅಂತ ಡಂಗುರ. ಬರೆದದ್ದೊಂದು, ಅದು ಓದಿಕೊಂಡದ್ದು ಇನ್ನೊಂದು! ಅಮೆರಿಕದ ಪತ್ರಿಕೆಗಳ ಡೂನ್ಸ್‌ಬರಿ ಅನ್ನೋ ವ್ಯಂಗ್ಯಚಿತ್ರ ಅದನ್ನು ಎಷ್ಟು ಆಡಿಕೊಂಡಿತು ಅಂದ್ರೆ, ಮುಂದೆ ನ್ಯೂಟನ್ ಸುಧಾರಿಸಿದ್ರೂ ಆ ಕೆಟ್ಟ ಹೆಸರು ಹೋಗಲಿಲ್ಲ. 1998ರಲ್ಲಿ ಕಂಪನಿಗೆ ವಾಪಸ್ ಬಂದಿದ್ದ ಸ್ಟೀವ್ ಜಾಬ್ಸ್ ಅದರ ಕತೆ ಮುಗಿಸಿದ. ಗ್ರಿಡ್‌ಪ್ಯಾಡ್ ಮಾಡಿದ್ದ ಜೆಫ್ ಹಾಕಿನ್ಸ್ ಜಾಣ. 1996ರಲ್ಲಿ ಅವನು ತಂದ ಪಾಮ್ ಪೈಲಟ್‌ನಲ್ಲಿ ಲೆಕ್ಕಾಚಾರ ತಿರುವುಮುರುವು: ಯಂತ್ರಕ್ಕೆ ನಿಮ್ಮ ಅಕ್ಷರ ಬರಲ್ಲ, ನೀವೇ ಯಂತ್ರದ ಅಕ್ಷರ ಕಲೀರಿ ಅಂದ. ಜನ ಕಲಿತರು ಕೂಡ!

2001ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆ ಹತ್ತಿ ಭವಿಷ್ಯ ನುಡಿದ. ಇನ್ನು 5 ವರ್ಷದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗೋ ಪಿಸಿ ಅಂದ್ರೆ ಟ್ಯಾಬ್ಲೆಟ್ ಪಿಸಿಯೇ ಅಂತ. ಮರುವರ್ಷ ಮಾರುಕಟ್ಟೆಗೂ ತಂದರು. ಭಾರ, ದುಬಾರಿ. ಸಣ್ಣ ಸಣ್ಣ ಗುಂಡಿಗಳನ್ನು ಪೆನ್ನಿನ ಮೊನೆಯಲ್ಲಿ ಚುಚ್ಚಬೇಕು. ಭವಿಷ್ಯ ಸುಳ್ಳಾಯ್ತು.

ಇದೇ 2001ರಲ್ಲಿ ಬೆಂಗಳೂರಿನಲ್ಲಿ ಏನು ನಡೀತಿತ್ತು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಾವು ಮರೆತದ್ದು ಇದನ್ನೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್. ಇವರ ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಎಂಜಿನಿಯರ್‌ಗಳು. ಎಲ್ಲ ಸೇರಿ ಒಂದು ಟ್ರಸ್ಟ್ ಮಾಡಿದ್ರು. ಉದ್ದೇಶ: ಅಂಗೈಯಲ್ಲಿ ಹಿಡಿಯೋ, ಮುಟ್ಟಿದ್ರೆ ಕೆಲಸ ಮಾಡೋ, ಹಳ್ಳಿಯವರಿಗೂ ಅರ್ಥವಾಗೋ ಕಂಪ್ಯೂಟರ್. ಹೆಸರು ಸಿಂಪ್ಯೂಟರ್. ಸರಳ, ಅಗ್ಗ, ಬಹುಭಾಷೆ ಅನ್ನೋ ಮೂರು ಗುಣಗಳನ್ನು ಹೆಸರಲ್ಲೇ ಇಟ್ಟುಕೊಂಡ ಯಂತ್ರ. ಒಳಗೆ ಲಿನಕ್ಸ್. ಅಂಗಡಿಯಲ್ಲಿ ಸಿಗೋ ಮೂರು ಸಣ್ಣ ಸೆಲ್ ಹಾಕಿದ್ರೂ ನಡೆಯೋ ಹಾಗೆ ಯೋಚನೆ. ಬರೆದದ್ದನ್ನು ಹಿಂದಿ, ಕನ್ನಡ, ತಮಿಳಿನಲ್ಲಿ ಓದಿ ಹೇಳೋ ವ್ಯವಸ್ಥೆ.

ಅದಕ್ಕಿಂತ ದೊಡ್ಡ ವಿಚಾರ ಸ್ಮಾರ್ಟ್ ಕಾರ್ಡ್. ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಕೊಳ್ಳೋ ಶಕ್ತಿ ಎಲ್ಲಿದೆ? ಹಾಗಾಗಿ ಊರಿಗೊಂದು ಯಂತ್ರ, ಜನಕ್ಕೊಂದು ಕಾರ್ಡ್. ನಿಮ್ಮ ಕಾರ್ಡ್ ಹಾಕಿದ್ರೆ ಅದು ನಿಮ್ಮ ಯಂತ್ರ, ಪಕ್ಕದ ಮನೆಯವರು ಅವರ ಕಾರ್ಡ್ ಹಾಕಿದ್ರೆ ಅವರದ್ದು. ಅಮೆರಿಕದ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್, 2001ರಲ್ಲಿ ಕಂಪ್ಯೂಟರ್ ಲೋಕದ ಅತಿ ಮಹತ್ವದ ಹೊಸ ಆವಿಷ್ಕಾರ ಇದೇ ಅಂತ ಬರೆದ. ಆ ವರ್ಷ ಆಪಲ್ ಐಪಾಡ್ ತಂದಿತ್ತು, ಮೈಕ್ರೋಸಾಫ್ಟ್ ಹೊಸ ವಿಂಡೋಸ್ ತಂದಿತ್ತು. ಅವೆರಡನ್ನೂ ಬಿಟ್ಟು ಬೆಂಗಳೂರಿನ ಅಂಗೈ ಯಂತ್ರ!

2004ರ ಮಾರ್ಚ್‌ನಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರಾಟಕ್ಕೆ ಬಂತು. ಬೆಲೆ ಸುಮಾರು 10 ಸಾವಿರ ರೂಪಾಯಿಯಿಂದ ಶುರು. ಅದರಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಯಂತ್ರವನ್ನು ಹೇಗೆ ಓರೆ ಮಾಡಿದ್ರೂ ಗುರುತಿಸೋ ಚಲನೆಯ ಸೆನ್ಸರ್. ಐಫೋನ್‌ನಲ್ಲಿ ಅಂಥದ್ದನ್ನು ಲೋಕ ಕಣ್ಣರಳಿಸಿ ನೋಡಿದ್ದು 2007ರಲ್ಲಿ. ಇನ್ನೊಂದು ನಮ್ಮ ಮಾತಿಗೆ ನೇರ ಸಂಬಂಧಪಟ್ಟದ್ದು. ಪರದೆ ಮೇಲೆ ನೀವು ನಿಮ್ಮ ಕೈಬರಹದಲ್ಲಿ, ಯಾವ ಭಾಷೆಯಲ್ಲಾದ್ರೂ ಬರೆಯಿರಿ. ಆ ಬರಹವೇ ಹಾಗೇ ಇ-ಮೇಲ್ ಆಗಿ ಹೋಗುತ್ತೆ. ನ್ಯೂಟನ್ ಥರ ನಿಮ್ಮ ಅಕ್ಷರ ಓದೋ ಸಾಹಸವೇ ಬೇಡ. ಓದೋ ಕೆಲಸ ಓದುವವನದ್ದು! ಕೀಲಿಮಣೆ ಗೊತ್ತಿಲ್ಲದ, ಇಂಗ್ಲಿಷ್ ಬಾರದ ಒಬ್ಬ ವ್ಯಕ್ತಿ ಕನ್ನಡದಲ್ಲಿ ಇ-ಮೇಲ್‌ಗೆ ಉತ್ತರ ಬರೆಯಬಹುದಾಗಿತ್ತು. 2004ರಲ್ಲಿ. ಕಡತದ ಗುಣ ಅದರಲ್ಲಿತ್ತು.

ಆಮೇಲೆ? ಕರ್ನಾಟಕ ಸರ್ಕಾರ ಭೂದಾಖಲೆ ಕೆಲಸಕ್ಕೆ ಒಂದಷ್ಟು ಬಳಸಿತು. ಬೇರೆ ಕಡೆ ಶಾಲೆ, ಪೊಲೀಸ್ ಅಂತ ಅಲ್ಲಲ್ಲಿ ಪ್ರಯೋಗ. ಮಾರಾಟವಾದದ್ದು ಕೆಲವೇ ಸಾವಿರ. 10 ಸಾವಿರ ರೂಪಾಯಿ ಅಂದ್ರೆ ಆ ಕಾಲದ ಹಳ್ಳಿಗೆ ಅಗ್ಗ ಅಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನ್ ಪ್ರತಿ ಜೇಬಿಗೂ ಇಳಿಯೋಕೆ ಶುರುವಾಗಿತ್ತು. ಬೇರೆ ದೇಶಗಳಲ್ಲಿ ಸರ್ಕಾರವೇ ದೊಡ್ಡ ಗಿರಾಕಿಯಾಗಿ ನಿಂತು ಇಂಥ ಹೊಸದನ್ನು ಕೈಹಿಡಿದ ಉದಾಹರಣೆಗಳಿವೆ. ಇಲ್ಲಿ ಭಾಷಣ ಸಿಕ್ಕಿತು, ಆರ್ಡರ್ ಸಿಗಲಿಲ್ಲ. ನನ್ನ ಪ್ರಕಾರ ಬೆಲೆಗಿಂತ ದೊಡ್ಡ ಕಾರಣ ಅದೇ.

2010ರ ಜನವರಿ 27. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಐಪ್ಯಾಡ್ ತೋರಿಸಿದ. ಹೇಗೆ ತೋರಿಸಿದ ನೋಡಿ. ಮೇಜಿನ ಮುಂದೆ ನಿಂತುಕೊಂಡಲ್ಲ, ವೇದಿಕೆ ಮೇಲೆ ಹಾಕಿದ್ದ ಸೋಫಾ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು. ಫೋನ್‌ಗೂ ಲ್ಯಾಪ್‌ಟಾಪ್‌ಗೂ ನಡುವೆ ಮೂರನೇ ಯಂತ್ರಕ್ಕೆ ಜಾಗ ಇದೆಯಾ ಅಂತ ಅವನೇ ಕೇಳಿಕೊಂಡ. ಇರಬೇಕಾದ್ರೆ ಕೆಲವು ಕೆಲಸಗಳಲ್ಲಿ ಅವೆರಡಕ್ಕಿಂತ ಚೆನ್ನಾಗಿರಬೇಕು ಅಂದು ಪಟ್ಟಿ ಕೊಟ್ಟ. ವೆಬ್ ನೋಡೋದು, ಇ-ಮೇಲ್, ಫೋಟೋ, ವಿಡಿಯೋ, ಹಾಡು, ಆಟ, ಪುಸ್ತಕ. ಈ ಪಟ್ಟಿಯಲ್ಲಿ ಇ-ಮೇಲ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ನೋಡೋದು, ಕೇಳೋದು, ಆಡೋದು. ಬೆಲೆ 499 ಡಾಲರ್. ಅಲನ್ ಕೇ 38 ವರ್ಷದ ಹಿಂದೆ ಬಯಸಿದ್ದು ಹೆಚ್ಚುಕಡಿಮೆ ಅಷ್ಟೇ. ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಮೊದಲ ದಿನವೇ 3 ಲಕ್ಷ ಹೋಯ್ತು.

ಆದ್ರೆ ಆ ಇ-ಮೇಲ್ ಎಂಥದ್ದು? ಬಂದದ್ದನ್ನು ಓದೋಕೆ ಅದ್ಭುತ. ಉತ್ತರ ಬರೆದು ಅದಕ್ಕೊಂದು ವರ್ಡ್ ಫೈಲ್ ಲಗತ್ತಿಸಬೇಕು ಅನ್ನಿ. ಇ-ಮೇಲ್ ಬರೆಯೋ ಜಾಗದಲ್ಲೇ ಫೈಲ್ ಆರಿಸಿ ಸೇರಿಸೋ ಸೌಲಭ್ಯ ಬಂದದ್ದು 2015ರಲ್ಲಿ. ಐದು ವರ್ಷ! ಫೈಲ್‌ಗಳನ್ನೆಲ್ಲ ಒಂದು ಕಡೆ ನೋಡೋ ಆ್ಯಪ್ ಬಂದದ್ದು 2017ರಲ್ಲಿ. ಮೌಸ್ ಸರಿಯಾಗಿ ಜೋಡಿಸೋಕೆ ಆದದ್ದು 2020ರ ಮಾರ್ಚ್‌ನಲ್ಲಿ. ಒಂದು ಸಾಮಾನ್ಯ ಆಫೀಸಿನ ಗುಮಾಸ್ತ ಬೆಳಗ್ಗೆ 10 ಗಂಟೆಗೆ ಮಾಡೋ ಕೆಲಸವನ್ನು ಕಲಿಯೋಕೆ ಲೋಕದ ಅತಿ ಶ್ರೀಮಂತ ಕಂಪನಿಗಳಲ್ಲೊಂದಕ್ಕೆ 10 ವರ್ಷ ಹಿಡೀತು.

ಇದಕ್ಕಿಂತ ತಮಾಷೆಯ ಕತೆ ಬ್ಲ್ಯಾಕ್‌ಬೆರಿಯದ್ದು. ಆಫೀಸಿನ ಇ-ಮೇಲ್ ಅಂದ್ರೇನೇ ಬ್ಲ್ಯಾಕ್‌ಬೆರಿ ಅನ್ನೋ ಕಾಲ ಇತ್ತು, ನೆನಪಿದೆಯಾ? ಕೆನಡಾದ ಕಂಪನಿ. ಪುಟ್ಟ ಪುಟ್ಟ ಗುಂಡಿಗಳ ಕೀಲಿಮಣೆ, ಎರಡು ಹೆಬ್ಬೆರಳಿನಲ್ಲಿ ಪಟಪಟ ಅಂತ ಉತ್ತರ. ಬರಾಕ್ ಒಬಾಮ ಅಧ್ಯಕ್ಷನಾದ ಮೇಲೂ ಅದನ್ನು ಬಿಡಲ್ಲ ಅಂತ ಹಟ ಹಿಡಿದಿದ್ದ. ಬ್ಲ್ಯಾಕ್‌ಬೆರಿ ಗೆದ್ದದ್ದು ಪರದೆಯಿಂದ ಅಲ್ಲ, ಕೀಲಿಮಣೆಯಿಂದ. ಐಪ್ಯಾಡ್ ನೋಡಿ ಅವರಿಗೂ ದಿಗಿಲು. 2011ರ ಏಪ್ರಿಲ್‌ನಲ್ಲಿ ಪ್ಲೇಬುಕ್ ಅಂತ ಟ್ಯಾಬ್ಲೆಟ್ ತಂದರು. ಆಫೀಸಿನವರಿಗಾಗಿಯೇ ಮಾಡಿದ್ದು ಅಂದ್ರು. ಪೆಟ್ಟಿಗೆ ತೆಗೆದು ನೋಡಿದ್ರೆ ಅದರಲ್ಲಿ ಇ-ಮೇಲ್ ಆ್ಯಪ್ಪೇ ಇಲ್ಲ! ಇ-ಮೇಲ್ ಕಂಪನಿಯ ಟ್ಯಾಬ್ಲೆಟ್‌ನಲ್ಲಿ ಇ-ಮೇಲ್ ಇಲ್ಲ. ಬೇಕಾದ್ರೆ ಪಕ್ಕದಲ್ಲಿ ಬ್ಲ್ಯಾಕ್‌ಬೆರಿ ಫೋನ್ ಇಟ್ಟುಕೊಂಡು, ಬ್ಲೂಟೂತ್‌ನಲ್ಲಿ ಸೇತುವೆ ಕಟ್ಟಿ, ಫೋನ್‌ನಲ್ಲಿರೋ ಇ-ಮೇಲನ್ನೇ ದೊಡ್ಡ ಪರದೆಯಲ್ಲಿ ನೋಡಬೇಕು. ನಮ್ಮ ಕಡೆ ಹೇಳ್ತಾರಲ್ಲ, ಮದುವೆ ಮನೆಯಲ್ಲಿ ಎಲ್ಲ ಇತ್ತು, ಮದುಮಗ ಮಾತ್ರ ಬಂದಿರಲಿಲ್ಲ. ವರ್ಷ ಮುಗಿಯೋ ಹೊತ್ತಿಗೆ 499 ಡಾಲರ್‌ನ ಯಂತ್ರವನ್ನು 199ಕ್ಕೆ ಮಾರಿದ್ರು. ಡಿಸೆಂಬರ್‌ನಲ್ಲಿ ಕಂಪನಿ 48.5 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಇ-ಮೇಲ್ ಆ್ಯಪ್ ಬಂದದ್ದು 2012ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಊಟ ಮುಗಿದು ಎಲೆ ಎತ್ತಿ ಆಗಿತ್ತು.

ಮೈಕ್ರೋಸಾಫ್ಟ್ ಬೇರೆ ದಾರಿ ಹಿಡೀತು. ತನ್ನ ವರ್ಡ್, ಎಕ್ಸೆಲ್ ಐಪ್ಯಾಡ್‌ಗೆ ಕೊಡಲ್ಲ ಅಂತ ಬಿಗಿಯಾಗಿ ಕೂತು, 2012ರಲ್ಲಿ ಕೀಲಿಮಣೆ ಅಂಟಿಸಬಹುದಾದ ಸರ್ಫೇಸ್ ತಂತು. ಮರುವರ್ಷ ಅದರ ಮೇಲೆ 90 ಕೋಟಿ ಡಾಲರ್ ನಷ್ಟ ತೋರಿಸಿತು. 2014ರ ಫೆಬ್ರವರಿಯಲ್ಲಿ ಸತ್ಯ ನಾದೆಲ್ಲಾ ಚುಕ್ಕಾಣಿ ಹಿಡಿದರು. ಹೈದರಾಬಾದಿನ ಹುಡುಗ, ಎಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ. ಮಾರ್ಚ್ 27ರಂದು ವೇದಿಕೆ ಹತ್ತಿ ಐಪ್ಯಾಡ್‌ಗೆ ಆಫೀಸ್ ಬಿಡುಗಡೆ ಮಾಡಿದರು. ಆದ್ರೆ ಷರತ್ತು ಏನಿತ್ತು ಗೊತ್ತಾ? ಫೈಲ್ ತೆರೆದು ನೋಡೋದು ಉಚಿತ. ಅದರಲ್ಲಿ ಒಂದಕ್ಷರ ತಿದ್ದಬೇಕಾದ್ರೆ ಚಂದಾ ಕಟ್ಟಬೇಕು. ಆ ವರ್ಷದ ನವೆಂಬರ್‌ವರೆಗೂ ಇದೇ ಲೆಕ್ಕ. ನೋಡೋದಕ್ಕೂ ಬರೆಯೋದಕ್ಕೂ ಇರೋ ವ್ಯತ್ಯಾಸಕ್ಕೆ ಬೆಲೆಪಟ್ಟಿಯನ್ನೇ ಹಾಕಿಬಿಟ್ಟರು!

ನಾನು ಸ್ಟುಡಿಯೋದಲ್ಲಿ ಸುದ್ದಿ ಓದುವಾಗಲೂ ಮೇಜಿನ ಮೇಲೆ ಟ್ಯಾಬ್ ಇರುತ್ತೆ. ಬ್ರೇಕ್‌ನಲ್ಲಿ ಡೆಸ್ಕ್‌ನಿಂದ ಬಂದ ಇ-ಮೇಲ್ ನೋಡ್ತೀನಿ. ನನ್ನ ಉತ್ತರ ಏನು? "ಸರಿ", "ಬೇಡ", "ಫೋನ್ ಮಾಡಿ". ನಾಲ್ಕನೇ ಪದ ಬೇಕು ಅಂದ್ರೆ ಎದ್ದು ಹೋಗಿ ಕಂಪ್ಯೂಟರ್ ಮುಂದೆ ಕೂರ್ತೀನಿ. ಪ್ರಪಂಚದ ಅರ್ಧ ಮ್ಯಾನೇಜರ್‌ಗಳ ಕತೆ ಇದೇ. ಟ್ಯಾಬ್‌ನಲ್ಲಿ ಆಡಳಿತ ನಡೆಸಬಹುದು. ಯಾಕಂದ್ರೆ ಆಡಳಿತದ ಉತ್ತರ ಚಿಕ್ಕದು. ದೊಡ್ಡ ಉತ್ತರ ಬರೆಯೋರು ಬೇರೆ ಇದ್ದಾರೆ.

ಚಿಕ್ಕ ಉತ್ತರದ ಇನ್ನೊಂದು ಲೋಕವೂ ಇದೆ, ಅದನ್ನೂ ಹೇಳಬೇಕು. 2011ರಲ್ಲಿ ದೇಶದ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ ಕಾಗದ ಇಲ್ಲದೆ ನಡೀತು. ಸುಮಾರು 6.4 ಲಕ್ಷ ಕೈಯಂತ್ರಗಳು, ಟ್ಯಾಬ್ಲೆಟ್‌ಗಳೇ ಅನ್ನಿ. ತಯಾರಿಸಿದ್ದು ಯಾರು? ಸಿಂಪ್ಯೂಟರ್ ಮಾಡಿದ್ದ ಅದೇ ಬಿಇಎಲ್. ಐಪ್ಯಾಡ್ ಬಂದು ಇನ್ನೂ ಒಂದೂವರೆ ವರ್ಷ ಆಗಿರಲಿಲ್ಲ, ನಮ್ಮ ಗಣತಿದಾರರು ತ್ರಿಪುರಾದ ಹಳ್ಳಿಯಿಂದ ಶುರು ಮಾಡಿ ಮನೆಮನೆ ತಿರುಗಿ ಮಾಹಿತಿ ತುಂಬಿದ್ರು. ಚಾವಣಿ ಯಾವುದು, ಜಮೀನು ಇದೆಯಾ, ಫ್ರಿಡ್ಜ್ ಇದೆಯಾ. ಹೌದು, ಇಲ್ಲ. ಇಂಥ ಕೆಲಸಕ್ಕೆ ಟ್ಯಾಬ್‌ಗಿಂತ ಒಳ್ಳೆಯ ಸಾಧನ ಇಲ್ಲ, ಗ್ರಿಡ್‌ಪ್ಯಾಡ್ ಕಾಲದಿಂದ ಅದು ಸಾಬೀತಾಗಿದೆ. (ಆ ಗಣತಿಯ ಜಾತಿ ಅಂಕಿಗಳು ಹೊರಗೆ ಬರಲಿಲ್ಲ. ಅದು ಟ್ಯಾಬ್‌ನ ತಪ್ಪಲ್ಲ ಬಿಡಿ.)

ಅದೇ ವರ್ಷ ಅಕ್ಟೋಬರ್ 5ಕ್ಕೆ ಕಪಿಲ್ ಸಿಬಲ್ ಆಕಾಶ್ ಟ್ಯಾಬ್ಲೆಟ್ ಬಿಡುಗಡೆ ಮಾಡಿದ್ರು. ಸರ್ಕಾರಕ್ಕೆ ಬಿದ್ದ ಬೆಲೆ 2,276 ರೂಪಾಯಿ. ಲೋಕದ ಅತಿ ಅಗ್ಗದ ಟ್ಯಾಬ್ಲೆಟ್ ಅಂತ ಜಗತ್ತೆಲ್ಲ ಸುದ್ದಿ. ಕೈಗೆ ಬಂದಾಗ ಪರದೆಯನ್ನು ಒತ್ತಿ ಒತ್ತಿ ಬೆರಳು ನೋಯಬೇಕು. ಬರೆಯೋದು ಹಾಗಿರಲಿ, ಪುಟ ಸರಿಸೋದೇ ಕಷ್ಟ. ವಿದ್ಯಾರ್ಥಿಗೆ ಅಗ್ಗದ ಪರದೆ ಕೊಟ್ಟರೆ ಸಾಕು ಅನ್ನೋ ಯೋಚನೆ ಅಲ್ಲಿಂದ ನಮ್ಮ ಸರ್ಕಾರಗಳಿಗೆ ಅಂಟಿಕೊಂಡಿತು. 2021ರಲ್ಲಿ, ಕೊರೊನಾ ಕಾಲದಲ್ಲಿ, ಕರ್ನಾಟಕವೂ ಸರ್ಕಾರಿ ಪದವಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತು. ಪಾಠದ ವಿಡಿಯೋ ನೋಡೋಕೆ ಉಪಕಾರವಾಯ್ತು, ಇಲ್ಲ ಅನ್ನಲ್ಲ. ಆದ್ರೆ ಕೇಳೋ ಪ್ರಶ್ನೆ ಒಂದಿದೆ. ನಾಳೆ ಆ ಹುಡುಗ, ಆ ಹುಡುಗಿ ಕೆಲಸಕ್ಕೆ ಸೇರೋ ಜಾಗದಲ್ಲಿ ಮೊದಲ ದಿನವೇ ಒಂದು ಪುಟದ ಇ-ಮೇಲ್ ಬರೆಯಿರಿ, ಒಂದು ಎಕ್ಸೆಲ್ ಶೀಟ್ ಮಾಡಿ ಅಂತಾರೆ. ಬೇರೆ ಮನೆಯ ಮಕ್ಕಳು ಅದನ್ನು ಲ್ಯಾಪ್‌ಟಾಪ್‌ನಲ್ಲಿ ಕಲಿತು ಬಂದಿರ್ತಾರೆ. ನೀವು ಇವರಿಗೆ ಕೊಟ್ಟದ್ದು ನೋಡೋ ಯಂತ್ರ. ಪ್ರತಿ ಟ್ಯಾಬ್ ಜೊತೆ ಕೆಲವು ನೂರು ರೂಪಾಯಿಯ ಒಂದು ಕೀಲಿಮಣೆ ಕೊಡೋಕೆ ಎಷ್ಟು ಖರ್ಚಾಗ್ತಿತ್ತು?

ಕನ್ನಡದ ವಿಷಯಕ್ಕೆ ಬಂದ್ರೆ ಹೊಟ್ಟೆ ಉರಿಯುತ್ತೆ. ಸಿಂಪ್ಯೂಟರ್‌ನಲ್ಲಿ 2004ರಲ್ಲೇ ಕನ್ನಡ ಕೈಬರಹದ ಇ-ಮೇಲ್ ಇತ್ತು ಅಂದೆನಲ್ಲ, ಐಪ್ಯಾಡ್‌ನ ಸ್ವಂತ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಹದಿಮೂರು ವರ್ಷ! ಈಗ ಆಂಡ್ರಾಯ್ಡ್, ಐಪ್ಯಾಡ್ ಎರಡರಲ್ಲೂ ಕನ್ನಡ ಬರೆಯಬಹುದು, ಮಾತಾಡಿದ್ರೂ ಬರೆದುಕೊಳ್ಳುತ್ತೆ. ಅಲ್ಲಿಗೆ ಸಮಸ್ಯೆ ಮುಗೀತಾ? ಇಲ್ಲ ಸ್ವಾಮಿ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡೋದು ನುಡಿಯಲ್ಲಿ. ನುಡಿ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು, ಅದನ್ನು ಮರೆಯೋ ಹಾಗಿಲ್ಲ. ಆದ್ರೆ ಅದರ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ, ಒಳಗೆ ನಿಜವಾಗಿ ಇಂಗ್ಲಿಷ್ ಅಕ್ಷರಗಳ ಸಾಲು. ಫಾಂಟ್ ಇರೋ ಕಂಪ್ಯೂಟರ್‌ನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತೆ. ಯೂನಿಕೋಡ್ ಬಳಸಿ ಅಂತ ಸರ್ಕಾರವೇ ಹೇಳಿ ವರ್ಷಗಳಾದ್ವು, ಹಳೇ ಅಭ್ಯಾಸ ಬಿಟ್ಟಿಲ್ಲ. ಹಾಗಾಗಿ ತಾಲ್ಲೂಕು ಕಚೇರಿಯಿಂದ ಇ-ಮೇಲ್‌ನಲ್ಲಿ ಹೋದ ಟಿಪ್ಪಣಿಯನ್ನು ಮೇಲಧಿಕಾರಿ ಕಾರಿನಲ್ಲಿ ಕೂತು ಟ್ಯಾಬ್‌ನಲ್ಲಿ ತೆರೆದ್ರೆ ಕಾಣೋದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೋನ್ ಬರುತ್ತೆ, "ಏನ್ರೀ ಇದು, ಪಿಡಿಎಫ್ ಮಾಡಿ ಕಳಿಸ್ರೀ." ಗುಮಾಸ್ತರು ಪಿಡಿಎಫ್ ಮಾಡಿ ಕಳಿಸ್ತಾರೆ. ಅದು ಚೆನ್ನಾಗಿ ಕಾಣುತ್ತೆ, ತಿದ್ದೋಕೆ ಬರಲ್ಲ. ಎರಡನೇ ಪ್ಯಾರಾದಲ್ಲಿ ಒಂದು ಸರ್ವೆ ನಂಬರ್ ತಪ್ಪಿದ್ರೆ ಸಾಹೇಬರು ಮತ್ತೆ ಫೋನ್ ಮಾಡಿ ಹೇಳ್ತಾರೆ, ಗುಮಾಸ್ತರು ಮತ್ತೆ ಡೆಸ್ಕ್‌ಟಾಪ್ ಮುಂದೆ ಕೂತು ನಂಬರ್ ಬದಲಾಯಿಸಿ, ಮತ್ತೆ ಪಿಡಿಎಫ್ ಮಾಡಿ ಕಳಿಸ್ತಾರೆ.